ನಿಂತ ಪೈರನ್ನು ನಿಂದಿಸುವ ಮುನ್ನ

ಹಿಂದಿನ ಚಳಿಗಾಲದಲ್ಲಿ ನಮ್ಮ ಊರಿನ ಸಭಾಭವನದಲ್ಲಿ ಮಿತವ್ಯಯವನ್ನು ಕುರಿತು ಒಂದು ಉಪನ್ಯಾಸ ಏರ್ಪಟ್ಟಿತ್ತು. ಉಪನ್ಯಾಸಕರು ವಿದ್ಯಾವಂತರು, ಸಜ್ಜನರು, ನನಗೆ ಬಹುಕಾಲದಿಂದ ಪರಿಚಿತರು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಆರು ತಿಂಗಳಿದ್ದು ಆಗತಾನೆ ಮರಳಿದ್ದರು. ಮಾತಿನ ನಡುವೆ ಅವರು ಒಂದು ದೃಷ್ಟಾಂತವನ್ನು ಕೊಟ್ಟರು. "ಅಲ್ಲಿ ಡಿಸೆಂಬರ್ ತಿಂಗಳಿನಲ್ಲಿ, ನೆಲವೆಲ್ಲ ಹಿಮದಿಂದ ಮುಚ್ಚಿಹೋಗಿರುವಾಗ, ಹೆದ್ದಾರಿಯ ಮಗ್ಗುಲಿನ ಹೊಲದಲ್ಲಿ ಮೆಕ್ಕೆಜೋಳ ತೆನೆಸಮೇತ ಒಣಗಿ ನಿಂತಿರುವುದನ್ನು ಕಣ್ಣಾರೆ ಕಂಡೆ. ಬೆಳೆದವನಿಗೆ ಕೊಯ್ಯುವ ವ್ಯವಧಾನವಿಲ್ಲ. ಉಂಡು ಮಿಕ್ಕವನಿಗೆ ಅನ್ನದ ಬೆಲೆ ತಿಳಿಯದು. ಸಂಪತ್ತು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?" ಎಂದು ಕೇಳಿದರು. ಸಭೆ ತಲೆದೂಗಿತು. ನಾನೂ ತಲೆದೂಗಿದೆ. ಹಾಗೆ ತಲೆದೂಗಿದ್ದಕ್ಕೆ ಪ್ರಾಯಶ್ಚಿತ್ತವೆಂದು ಈ ಲೇಖನವನ್ನು ವಾಚಕರು ಭಾವಿಸಬಹುದು.

ನಾನು ಧಾನ್ಯದ ಅಂಗಡಿಯಲ್ಲಿ ಬೆಳೆದವನು. ಮನೆಗೆ ಬಂದ ಮೇಲೆ ಒಂದು ಸಂದೇಹ ಕಾಡತೊಡಗಿತು. ಬೀಜ, ಗೊಬ್ಬರ, ಯಂತ್ರ, ಸಾಲದ ಬಡ್ಡಿ ಇಷ್ಟೆಲ್ಲಕ್ಕೂ ಹಣ ಸುರಿದ ಒಬ್ಬ ಬೇಸಾಯಗಾರ, ಫಲ ಕೈಗೆ ಬರುವ ಹೊತ್ತಿನಲ್ಲಿ ಬೇಸರಪಟ್ಟು ಅದನ್ನು ಬಿಟ್ಟುಬಿಡುವನೆ? ಲೋಕದಲ್ಲಿ ಯಾವ ವೃತ್ತಿಯವನು ಹಾಗೆ ಮಾಡಿಯಾನು? ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮ ರೈತರಿಗಾಗಿ ಪ್ರಕಟಿಸುವ ಬರಹಗಳನ್ನು ತರಿಸಿಕೊಂಡು ಓದಿದೆ. ಬಳಿಕ ಒಂದು ಸಂಜೆ ಉಪನ್ಯಾಸಕರ ಮನೆಗೆ ಹೋದೆ.

"ಆ ಜೋಳ ಎಷ್ಟು ಅಗಲಕ್ಕೆ ನಿಂತಿತ್ತು?" ಎಂದು ಕೇಳಿದೆ.

"ಹತ್ತು ಹದಿನೈದು ಸಾಲು ಇದ್ದೀತು. ಉದ್ದಕ್ಕೆ ಮಾತ್ರ ರಸ್ತೆಯ ಜೊತೆಗೇ ಬಹುದೂರ ಸಾಗಿತ್ತು" ಎಂದರು.

"ಅದರ ಆಚೆ?"

"ಆಚೆ ಏನೂ ಇರಲಿಲ್ಲ. ಬಯಲು, ಹಿಮ."

"ಹಾಗಾದರೆ ಆಚೆಯ ಬೆಳೆಯನ್ನು ಕೊಯ್ದವರು ಯಾರು?"

ಅವರು ಕ್ಷಣಕಾಲ ಸುಮ್ಮನಿದ್ದರು. ಬಳಿಕ ನಕ್ಕು, "ಇದನ್ನು ನಾನು ಕೇಳಿಕೊಳ್ಳಲೇ ಇಲ್ಲ ನೋಡಿ" ಎಂದರು.

ಅವರು ಕಂಡದ್ದು ಬಿಟ್ಟುಹೋದ ಬೆಳೆಯಲ್ಲ, ಒಂದು ಗೋಡೆ. ಆ ಬಯಲುನಾಡಿನಲ್ಲಿ ಗಾಳಿಗೆ ಅಡ್ಡವಾಗುವ ಗುಡ್ಡವಿಲ್ಲ, ಕಾಡೂ ವಿರಳ. ನೆಲದ ಮೇಲೆ ಬಿದ್ದ ಹಿಮವನ್ನು ಗಾಳಿ ಎತ್ತಿ ತಂದು ಹೆದ್ದಾರಿಯ ಮೇಲೆ ರಾಶಿ ಹಾಕುತ್ತದೆ. ಮುಂದಿನ ವಾಹನ ಕಾಣದಂತಾಗುತ್ತದೆ, ಗಾಲಿಗಳು ಜಾರುತ್ತವೆ, ಜೀವಗಳು ಹೋಗುತ್ತವೆ. ರಸ್ತೆಗೆ ಸಮಾನಾಂತರವಾಗಿ, ಸ್ವಲ್ಪ ದೂರದಲ್ಲಿ, ಗಾಳಿ ಬೀಸುವ ದಿಕ್ಕಿನಲ್ಲಿ ಜೋಳದ ಕೆಲವು ಸಾಲುಗಳನ್ನು ನಿಲ್ಲಿಸಿದರೆ ಗಾಳಿಯ ವೇಗ ಅಲ್ಲಿ ಕುಗ್ಗಿ, ಹಿಮವು ರಸ್ತೆಯನ್ನು ಮುಟ್ಟುವ ಮೊದಲೇ ಹೊಲದೊಳಗೆ ಬೀಳುತ್ತದೆ. ಇದಕ್ಕಾಗಿ ಮಿನ್ನೆಸೋಟದ ಸಾರಿಗೆ ಇಲಾಖೆ ರೈತರೊಡನೆ ಒಪ್ಪಂದ ಮಾಡಿಕೊಂಡು ಪರಿಹಾರಧನ ಕೊಡುತ್ತದೆ. ಅಯೋವಾ ರಾಜ್ಯದಲ್ಲಿಯೂ ಇಂಥ ವ್ಯವಸ್ಥೆಯಿದೆ. ನಮ್ಮ ಉಪನ್ಯಾಸಕರು ಯಾವ ಸಾಲುಗಳನ್ನು ನೋಡಿ ಮನುಷ್ಯನ ಅಧಃಪತನವನ್ನು ಚಿಂತಿಸಿದರೋ, ಆ ಸಾಲುಗಳು ಆ ದಿನ ಅವರ ವಾಹನವನ್ನೇ ಕಾಯುತ್ತಿದ್ದವು.

ಇದು ಒಬ್ಬರ ತಪ್ಪನ್ನು ಎತ್ತಿ ಆಡುವ ಮಾತಲ್ಲ. "ಬರೆಯಿರಿ, ಹೆಸರು ಮಾತ್ರ ಬೇಡ" ಎಂದು ಅನುಮತಿ ಕೊಟ್ಟವರು ಅವರೇ. ನನ್ನ ಆಕ್ಷೇಪ ಒಂದು ಅಭ್ಯಾಸದ ಮೇಲೆ. ನೀತಿಯನ್ನು ಹೇಳುವ ಆತುರದಲ್ಲಿ ನಾವು ಕಂಡದ್ದನ್ನೆಲ್ಲ ದೃಷ್ಟಾಂತ ಮಾಡಿಕೊಳ್ಳುತ್ತೇವೆ. ದೃಷ್ಟಾಂತ ಸತ್ಯವೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. ಉದ್ದೇಶ ಒಳ್ಳೆಯದಾದ್ದರಿಂದ ಆಧಾರ ಹೇಗಿದ್ದರೂ ನಡೆದೀತು ಎಂಬುದು ನಮ್ಮ ಸಮಾಧಾನ. ಆದರೆ ಆ ದೃಷ್ಟಾಂತದ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನು ಸೋಮಾರಿ, ಪೋಲು ಮಾಡುವವನು, ಆಸೆಬುರುಕ ಎಂದು ನಾವು ಸಾವಿರ ಜನರ ಮುಂದೆ ಸಾರುತ್ತಿದ್ದೇವೆ. ತಿಳಿಯದೆ ಆಡಿದ ನಿಂದೆಯೂ ನಿಂದೆಯೇ.

ಒಣಗಿದ್ದೆಲ್ಲ ಹಾಳಾದದ್ದಲ್ಲ

ಮೊದಲು ಬೆಳೆಯ ಸ್ವಭಾವವನ್ನು ತಿಳಿಯಬೇಕು. ದಾವಣಗೆರೆಯವರು ಮೆಕ್ಕೆಜೋಳ ಎನ್ನುವ, ಧಾರವಾಡ-ಹಾವೇರಿಯ ಕಡೆ ಗೋವಿನಜೋಳ ಎನ್ನುವ, ಹಳೆಯ ಮೈಸೂರಿನವರು ಮುಸುಕಿನ ಜೋಳ ಎನ್ನುವ ಈ ಧಾನ್ಯವನ್ನು ಪಟ್ಟಣಿಗರು ಬಲ್ಲದ್ದು ಹಸಿ ತೆನೆಯಾಗಿ. ಕೆಂಡದ ಮೇಲೆ ಸುಟ್ಟು, ಉಪ್ಪು-ಖಾರ-ನಿಂಬೆಹಣ್ಣು ಸವರಿ ತಿನ್ನುವ ತೆನೆ ಅವರ ಕಣ್ಣಿನಲ್ಲಿದೆ. ಹಸಿರಾಗಿರುವುದೇ ಹದ, ಒಣಗಿದರೆ ಕೆಟ್ಟಿತು ಎಂಬ ಭಾವನೆ ಅಲ್ಲಿಂದ ಬಂದದ್ದು. ಆದರೆ ಅಲ್ಲಿಯ ಹೊಲಗಳನ್ನೂ ನಮ್ಮ ಹೊಲಗಳನ್ನೂ ತುಂಬಿರುವುದು ಹೆಚ್ಚಾಗಿ ಕಾಳಿಗಾಗಿ ಬೆಳೆಯುವ ಜೋಳ. ಅದಕ್ಕೆ ಒಣಗುವುದೇ ಹಣ್ಣಾಗುವಿಕೆ. ಗರಿ ಬೆಳ್ಳಗಾಗಿ, ದಂಟು ಕಂದಾಗಿ, ತೆನೆ ತಲೆಬಾಗಿ ಜೋತಾಗ ದಾರಿಹೋಕನಿಗೆ ಸತ್ತ ಹೊಲ ಕಾಣುತ್ತದೆ, ಬೆಳೆದವನಿಗೆ ಫಲ ಕಾಣುತ್ತದೆ.

ಕಾಳು ಬಲಿತಿತೆಂಬುದಕ್ಕೆ ಒಂದು ಗುರುತಿದೆ. ಕಾಳಿನ ಬುಡದಲ್ಲಿ, ಅದು ದಿಂಡಿಗೆ ಅಂಟಿಕೊಂಡಿರುವ ಕಡೆ, ಒಂದು ಕಪ್ಪು ಪದರ ಮೂಡುತ್ತದೆ. ಅಲ್ಲಿಗೆ ಗಿಡವು ಕಾಳಿಗೆ ಕೊಡುವುದು ಮುಗಿಯಿತು, ಇನ್ನು ಒಂದು ಗುಂಜಿಯಷ್ಟೂ ಸತ್ವ ಕೂಡುವುದಿಲ್ಲ. ಆದರೆ ಆ ಹೊತ್ತಿಗೆ ಕಾಳಿನಲ್ಲಿ ನೂರಕ್ಕೆ 30ರಿಂದ 35 ಪಾಲು ನೀರಿರುತ್ತದೆ. ಈ ಸ್ಥಿತಿಯಲ್ಲಿ ಕೊಯ್ದು ರಾಶಿ ಹಾಕಿದರೆ ಕಾಳು ಬಿಸಿಯೇರಿ, ಬೂಷ್ಟು ಹಿಡಿದು, ಕೆಲವೇ ದಿನಗಳಲ್ಲಿ ನಾರುತ್ತದೆ. ತಿಂಗಳುಗಟ್ಟಲೆ ಇಡಬೇಕಾದರೆ ನೀರಿನ ಪಾಲು ಶೇಕಡಾ 14ರ ಆಸುಪಾಸಿಗೆ ಇಳಿಯಬೇಕು. ಬಲಿತ ದಿನಕ್ಕೂ ಇಡಲು ಯೋಗ್ಯವಾದ ದಿನಕ್ಕೂ ನಡುವೆ ಇಷ್ಟು ನೀರಿನ ಅಂತರವಿದೆ. ಇದನ್ನು ಯಾರು ತೆಗೆಯಬೇಕು? ಸೂರ್ಯನೋ, ಬೆಂಕಿಯೋ? ಎಲ್ಲ ಲೆಕ್ಕವೂ ಇಲ್ಲಿಂದ ಆರಂಭ.

ಸೂರ್ಯನು ಹಣ ಕೇಳುವುದಿಲ್ಲ, ಕಾಲವನ್ನು ಕೇಳುತ್ತಾನೆ. ಅಮೆರಿಕದ ಮಧ್ಯಭಾಗದಲ್ಲಿ ಸೆಪ್ಟೆಂಬರ್ ತಿಂಗಳ ಬೆಚ್ಚನೆಯ ದಿನಗಳಲ್ಲಿ ನಿಂತ ಬೆಳೆಯ ತೇವಾಂಶ ದಿನಕ್ಕೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಅದು ಅರ್ಧಕ್ಕೆ ಬರುತ್ತದೆ. ನವೆಂಬರ್ ನಡುಭಾಗ ಕಳೆದರೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಬೆಂಕಿಯಾದರೋ ಕಾಲವನ್ನು ಕೇಳುವುದಿಲ್ಲ, ಹಣ ಕೇಳುತ್ತದೆ. ಅಲ್ಲಿ ಕಾಳನ್ನು ಒಣಗಿಸುವ ಯಂತ್ರಗಳು ಬಹುತೇಕ ಪ್ರೊಪೇನ್ ಅಥವಾ ನೈಸರ್ಗಿಕ ಅನಿಲದಿಂದ ನಡೆಯುತ್ತವೆ. ಎಕರೆಗೆ 200 ಬುಷೆಲ್, ಎಂದರೆ ಸುಮಾರು 5 ಟನ್, ಬೆಳೆದ ಹೊಲದ ಕಾಳಿನಿಂದ ಶೇಕಡಾ 10ರಷ್ಟು ತೇವವನ್ನು ತೆಗೆಯಲು ಹೆಚ್ಚುಕಡಿಮೆ 150 ಲೀಟರ್ ಪ್ರೊಪೇನ್ ಉರಿಯಬೇಕು. ನೂರಾರು ಎಕರೆಗೆ ಇದನ್ನು ಗುಣಿಸಿ ನೋಡಿದರೆ, ಎರಡು ವಾರ ಕಾಯುವವನು ಸೋಮಾರಿಯೋ ಲೆಕ್ಕ ಬಲ್ಲವನೋ ಎಂಬುದು ಸ್ಪಷ್ಟವಾಗುತ್ತದೆ. ಮಿತವ್ಯಯವನ್ನು ಬೋಧಿಸುವ ನಾವು, ಇಂಧನವನ್ನು ಉರಿಸದೆ ಬಿಸಿಲನ್ನು ಕಾದವನಿಗೆ ನಮಸ್ಕರಿಸಬೇಕಲ್ಲದೆ ಅವನನ್ನು ಗದರಬಾರದು.

ಮೂರು ಆರೋಪಗಳು

ಆದರೂ ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಮೊದಲನೆಯದು ಆಲಸ್ಯ. ಬೆಳೆ ಕೊಯ್ಯುವ ದೊಡ್ಡ ಯಂತ್ರ ಕಾಳು ತುಂಬಿಕೊಂಡಾಗ 20 ಟನ್ನಿಗೂ ಮೀರಿ ತೂಗಬಲ್ಲದು. ಮಳೆಯಿಂದ ನೆನೆದ ಹೊಲದ ಮೇಲೆ ಅದನ್ನು ಹಾಯಿಸಿದರೆ ಮಣ್ಣು ಆಳದವರೆಗೂ ಗಟ್ಟಿಯಾಗಿ, ಮುಂದಿನ ಹಲವು ವರ್ಷ ಬೇರು ಇಳಿಯದಂತಾಗುತ್ತದೆ. ಈ ವರ್ಷದ ಕಾಳಿನ ಆತುರಕ್ಕೆ ಮುಂದಿನ ವರ್ಷಗಳ ಭೂಮಿಯನ್ನು ಕೆಡಿಸಬಾರದೆಂದು ನೆಲ ಒಣಗುವವರೆಗೆ, ಕೆಲವೊಮ್ಮೆ ಚಳಿಗೆ ನೆಲ ಹೆಪ್ಪುಗಟ್ಟುವವರೆಗೆ, ಅವನು ಕಾಯುತ್ತಾನೆ. 2019ರಲ್ಲಿ ಆದದ್ದನ್ನು ಗಮನಿಸಿ. ವಸಂತಕಾಲದ ಅತಿವೃಷ್ಟಿಯಿಂದ ಅಲ್ಲಿ 190 ಲಕ್ಷ ಎಕರೆಗೂ ಹೆಚ್ಚು ಭೂಮಿಯಲ್ಲಿ ಬಿತ್ತನೆಯೇ ಆಗಲಿಲ್ಲ. ಬಿತ್ತಿದವರಲ್ಲೂ ಅನೇಕರು ತಡವಾಗಿ ಬಿತ್ತಿದರು. ತಡವಾಗಿ ಬಿತ್ತಿದ್ದು ತಡವಾಗಿ ಬಲಿಯಿತು. ಬಲಿಯುವ ಹೊತ್ತಿಗೆ ಚಳಿ ಬಂದು ಬಿಸಿಲಿನ ಶಕ್ತಿ ಮುಗಿದಿತ್ತು. ಎಲ್ಲರೂ ಏಕಕಾಲಕ್ಕೆ ಒಣಗಿಸುವ ಯಂತ್ರಗಳನ್ನು ಹೂಡಿದ್ದರಿಂದ ನವೆಂಬರ್‌ನಲ್ಲಿ ಪ್ರೊಪೇನ್ ಸಿಕ್ಕದಾಯಿತು. ಉತ್ತರ ಡಕೋಟ ರಾಜ್ಯದಲ್ಲಿ ಡಿಸೆಂಬರ್‌ನ ಮೊದಲ ವಾರ ಕಳೆದರೂ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಹೊಲದಲ್ಲೇ ನಿಂತಿತ್ತು. ಆ ದೃಶ್ಯವನ್ನು ನಮ್ಮವರಲ್ಲಿ ಯಾರಾದರೂ ಕಂಡಿದ್ದರೆ, ಮನೆಯೊಳಗೆ ನಿದ್ರೆಗೆಟ್ಟು ಕುಳಿತ ಕುಟುಂಬ ಅವರಿಗೆ ಕಾಣುತ್ತಿರಲಿಲ್ಲ, ಹಿಮದಲ್ಲಿ ನಿಂತ ಜೋಳವಷ್ಟೇ ಕಾಣುತ್ತಿತ್ತು.

ಎರಡನೆಯ ಆರೋಪ ದುರ್ವ್ಯಯ. ಬೆಳೆಯನ್ನು ಹೆಚ್ಚು ಕಾಲ ನಿಲ್ಲಿಸಿದರೆ ನಷ್ಟವಿದೆ, ಇದನ್ನು ನಾನು ಮರೆಮಾಚುವುದಿಲ್ಲ. ದಂಟು ಕೊಳೆತು ಮುರಿಯುತ್ತದೆ, ತೆನೆ ಉದುರುತ್ತದೆ, ಜಿಂಕೆ ತಿನ್ನುತ್ತದೆ, ಹಿಮ ಹೆಚ್ಚು ಬಿದ್ದರೆ ಸಾಲಿಗೆ ಸಾಲೇ ಮಲಗುತ್ತದೆ. ಆದರೆ ಈ ನಷ್ಟವನ್ನು ರೈತ ಅರಿಯನೇ? ಅವನು ಕೊಯ್ದ ಹೊಲದಲ್ಲಿ ಮಂಡಿಯೂರಿ ಕುಳಿತು ಒಂದೊಂದು ಚದರ ಅಡಿಯಲ್ಲಿ ಬಿದ್ದ ಕಾಳುಗಳನ್ನು ಎಣಿಸುತ್ತಾನೆ. ಚದರ ಅಡಿಗೆ 2 ಕಾಳು ಬಿದ್ದಿದ್ದರೆ ಎಕರೆಗೆ ಒಂದು ಬುಷೆಲ್, ಎಂದರೆ 25 ಕಿಲೋಗ್ರಾಮಿಗೂ ಸ್ವಲ್ಪ ಹೆಚ್ಚು, ಹೋಯಿತೆಂಬುದು ಅಲ್ಲಿ ಬಳಕೆಯಲ್ಲಿರುವ ಸೂತ್ರ. ಹೀಗೆ ಎರಡು ಕಾಳನ್ನು ಎಣಿಸುವವನಿಗೆ ಅನ್ನದ ಬೆಲೆ ತಿಳಿಯದೆಂದು, ಮದುವೆಮನೆಯ ಎಲೆಯಲ್ಲಿ ಅರ್ಧ ಊಟವನ್ನು ಬಿಟ್ಟೇಳುವ ನಾವು ಹೇಳುತ್ತೇವೆ. ಉದುರುವ ಕಾಳಿನ ಬೆಲೆ ಒಂದು ತಟ್ಟೆಯಲ್ಲಿ, ಒಣಗಿಸುವ ಅನಿಲದ ಬೆಲೆ ಮತ್ತು ಕೆಡುವ ಮಣ್ಣಿನ ಬೆಲೆ ಇನ್ನೊಂದು ತಟ್ಟೆಯಲ್ಲಿ. ಪ್ರತಿದಿನ ಬೆಳಗ್ಗೆ ಅವನು ಈ ತಕ್ಕಡಿಯನ್ನು ಎತ್ತಿ ನೋಡುತ್ತಾನೆ. ಕೆಲವರು ಚಳಿಗಾಲದ ಹಕ್ಕಿಗಳಿಗೆಂದೇ ಒಂದೆರಡು ಸಾಲನ್ನು ಬಿಡುವುದೂ ಉಂಟು. ಅದನ್ನು ಪೋಲೆಂದು ಕರೆಯಲು ನನಗಂತೂ ನಾಲಿಗೆ ಏಳದು.

ಮೂರನೆಯ ಆರೋಪ ದುರಾಶೆ: ಬೆಲೆ ಏರಲೆಂದು ಬೆಳೆಯನ್ನು ತಡೆಹಿಡಿದಿದ್ದಾನೆ ಎಂಬುದು. ಇದು ಕೇಳಲು ಚೆನ್ನಾಗಿದೆ, ವ್ಯಾಪಾರ ಬಲ್ಲವನು ಮಾತ್ರ ನಂಬಲಾರ. ಬೆಲೆಗಾಗಿ ಕಾಯುವವನು ಕಾಳನ್ನು ಒಣಗಿಸಿ ಕಣಜದಲ್ಲಿಡುತ್ತಾನೆ. ಗಾಳಿ, ಹಿಮ, ಹುಳು, ಜಿಂಕೆ ಎಲ್ಲಕ್ಕೂ ಬಾಗಿಲು ತೆರೆದಿರುವ ಹೊಲದಲ್ಲಿ ಇಡುವುದಿಲ್ಲ. ಹೊಲವು ಲೋಕದ ಅತ್ಯಂತ ಕೆಟ್ಟ ಉಗ್ರಾಣ. ಬೆಳೆ ವಿಮೆ ಮಾಡಿಸಿದವನಿಗೆ ಮತ್ತೊಂದು ಕಟ್ಟುಪಾಡಿದೆ. ಬೆಳೆ ಕೆಟ್ಟಿದ್ದರೆ ವಿಮೆಯವರು ಬಂದು ಅಳೆದು ನೋಡುವವರೆಗೆ ಅದನ್ನು ಅಳಿಸುವಂತಿಲ್ಲ. ಆಗ ನಿಂತಿರುವ ಜೋಳ ಒಂದು ಸಾಕ್ಷಿ, ಸಾಕ್ಷಿಯನ್ನು ಅಲ್ಲಾಡಿಸದಿರುವುದು ನಿಯಮ.

ಹಾಗೆಂದು ಆ ದೇಶದ ಮೆಕ್ಕೆಜೋಳದ ವಿಷಯದಲ್ಲಿ ನೀತಿಯ ಪ್ರಶ್ನೆಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಲ್ಲಿ ಬೆಳೆದ ಮೆಕ್ಕೆಜೋಳದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ವಾಹನಗಳ ಇಂಧನಕ್ಕಾಗಿ ಎಥೆನಾಲ್ ಆಗುತ್ತದೆ. ಮತ್ತೊಂದು ದೊಡ್ಡ ಪಾಲು ಮಾಂಸಕ್ಕಾಗಿ ಸಾಕಿದ ಪ್ರಾಣಿಗಳ ಹೊಟ್ಟೆಗೆ ಹೋಗುತ್ತದೆ. ಮನುಷ್ಯ ನೇರವಾಗಿ ಉಣ್ಣುವುದು ಅಲ್ಪ. ಅನ್ನವನ್ನು ಉರಿಸಬಹುದೆ, ಪ್ರಾಣಿಯನ್ನು ಕೊಲ್ಲುವುದಕ್ಕಾಗಿ ಮೇಯಿಸಬಹುದೆ ಎಂದು ಕೇಳಬೇಕಾದವರು ಅವಶ್ಯವಾಗಿ ಕೇಳಲಿ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲೂ ಮೆಕ್ಕೆಜೋಳ ಎಥೆನಾಲ್ ಕಾರ್ಖಾನೆಗಳತ್ತ ಹೊರಟಿರುವುದರಿಂದ ಪ್ರಶ್ನೆ ನಮ್ಮದೂ ಆಗಿದೆ. ಆದರೆ ಅದಕ್ಕೆ ಉತ್ತರ ಕೊಡಬೇಕಾದವರು ಉಣ್ಣುವವರು, ಓಡಿಸುವವರು, ಕಾನೂನು ಮಾಡುವವರು. ನಿಜವಾದ ಪ್ರಶ್ನೆ ಕಠಿಣವಾದ್ದರಿಂದ ಅದನ್ನು ಬಿಟ್ಟು, ಸುಲಭವಾಗಿ ಕಣ್ಣಿಗೆ ಬಿದ್ದ ದಂಟನ್ನು ಬೈಯುವುದು ನೀತಿಚಿಂತನೆಯಲ್ಲ, ನೀತಿಯ ಅಭಿನಯ.

ನಮ್ಮ ಮನೆಯ ಬಾಗಿಲಿನಲ್ಲಿ

ದೂರದೇಶದ ಮಾತು ಇಷ್ಟು ಸಾಕು. ನನ್ನನ್ನು ಬರೆಯಲು ಕೂರಿಸಿದ್ದು ಅದಲ್ಲ. ನವೆಂಬರ್ ತಿಂಗಳಿನಲ್ಲಿ ದಾವಣಗೆರೆಯಿಂದ ಹಾವೇರಿಯವರೆಗೆ ಪ್ರಯಾಣ ಮಾಡಿದವರು ಒಣಗಿ ನಿಂತ ಮೆಕ್ಕೆಜೋಳವನ್ನು ಎಡಬಲಗಳಲ್ಲಿ ಕಂಡಿರುತ್ತಾರೆ. ವಾಹನದೊಳಗೆ ಕುಳಿತವರ ಮಾತನ್ನೂ ಕೇಳಿರುತ್ತಾರೆ: "ಈಗಿನ ರೈತರಿಗೆ ದುಡಿಯುವ ಮನಸ್ಸಿಲ್ಲ. ಬೆಳೆ ನೋಡಿ, ಹಾಗೇ ಬಿಟ್ಟಿದ್ದಾರೆ." ಮಿನ್ನೆಸೋಟದ ರೈತನಿಗೆ ನಮ್ಮ ನಿಂದೆ ತಲುಪುವುದಿಲ್ಲ. ದಾವಣಗೆರೆಯ ರೈತನಿಗೆ ತಲುಪುತ್ತದೆ, ಅದೂ ಬರಿಯ ಮಾತಾಗಿ ಅಲ್ಲ, ಬೆಲೆಯಾಗಿ ತಲುಪುತ್ತದೆ.

ಮುಂಗಾರಿನಲ್ಲಿ ಬಿತ್ತಿದ ಇಲ್ಲಿನ ಬೆಳೆ ಬಲಿಯುವ ಹೊತ್ತಿಗೆ ಹಿಂಗಾರಿನ ಮೋಡ ತಲೆಯ ಮೇಲಿರುತ್ತದೆ. ಅವನ ಬಳಿ ಒಣಗಿಸುವ ಯಂತ್ರವಿಲ್ಲ. ಅನೇಕರಿಗೆ ಗಟ್ಟಿನೆಲದ ಕಣವೂ ಇಲ್ಲ. ಮುರಿದು ರಾಶಿ ಹಾಕಿದ ತೆನೆಯ ಮೇಲೆ ಮಳೆ ಬಿದ್ದರೆ ಅಡಿಯ ತೆನೆಗಳು ಮೊಳೆಯುತ್ತವೆ, ನಡುವಿನವು ಬೂಷ್ಟು ಹಿಡಿಯುತ್ತವೆ. ಗಿಡದಲ್ಲೇ ಬಿಟ್ಟ ತೆನೆಯಾದರೋ ಬಲಿತ ಮೇಲೆ ಕೆಳಮುಖವಾಗಿ ಜೋಲುತ್ತದೆ. ಅದರ ಸಿಪ್ಪೆ ಹೆಂಚಿನಂತೆ ಮಳೆಯ ನೀರನ್ನು ಜಾರಿಸುತ್ತದೆ. ತಾಡಪಾಲಿನ ಅಡಿಯಲ್ಲಿ ಬೇಯುವ ರಾಶಿಗಿಂತ ಹೊಲದಲ್ಲಿ ನಿಂತ ತೆನೆ ಹಲವು ಬಾರಿ ಕ್ಷೇಮ. ನಿಲ್ಲಿಸಿದ್ದಕ್ಕೆ ಅವನು ಬೆಲೆ ತೆರದೆ ಇಲ್ಲ: ದನಕ್ಕೆ ಹಾಕಬೇಕಾದ ಸೊಪ್ಪೆ ಸತ್ವ ಕಳೆದುಕೊಳ್ಳುತ್ತದೆ, ಹಿಂಗಾರಿ ಬಿತ್ತನೆ ತಡವಾಗುತ್ತದೆ. ಇವನ್ನೆಲ್ಲ ಬಲ್ಲವನೇ ಕಾಯುತ್ತಿರುತ್ತಾನೆ. ಮಳೆ ಹಿಡಿದುಕೊಂಡರೆ ಆ ಕಾಯುವಿಕೆಯೂ ಸೋಲುತ್ತದೆ. 2021ರ ನವೆಂಬರ್‌ನಲ್ಲಿ ರಾಜ್ಯದ ಬಹುಭಾಗ ಅಕಾಲವೃಷ್ಟಿಗೆ ಸಿಕ್ಕಿ, ಕಟಾವಿಗೆ ಬಂದ ಬೆಳೆ ಹೊಲದಲ್ಲೂ ಕಣದಲ್ಲೂ ನೆನೆದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಇದಲ್ಲದೆ ಕೂಲಿಯಾಳು ಸಿಕ್ಕಬೇಕು, ಬಾಡಿಗೆ ಯಂತ್ರದ ಸರದಿ ಬರಬೇಕು. ಬೆಲೆಯಂತೂ ಇನ್ನೊಂದು ಕಥೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ರೈತರ ಕೈಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆ.

ಈಗ ನನ್ನ ಮನೆಯ ಮಾತನ್ನೇ ಹೇಳಬೇಕು. ನಮ್ಮ ಅಂಗಡಿಯಲ್ಲಿ ಬಹುಕಾಲ ತೇವ ಅಳೆಯುವ ಯಂತ್ರವಿರಲಿಲ್ಲ. ಚೀಲಕ್ಕೆ ಕೈ ಹಾಕಿ, ಹಿಡಿ ಕಾಳನ್ನು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು, "ಹಸಿ ಐತಿ, ಹತ್ತು ಕಿಲೋ ತೆಗೀರಿ" ಎನ್ನುವುದು ರೂಢಿ. ರೈತ "ಅಷ್ಟು ಹಸಿ ಇಲ್ಲ ಸಾವ್ಕಾರ್ರೆ, ಹೊಲದಾಗ ಒಣಗಿಸೇನಿ" ಎನ್ನುವನು. "ಹಂಗಾರ ಮನಿಗೆ ಒಯ್ಯಿ" ಎಂಬುದು ಉತ್ತರ. ಬಾಡಿಗೆ ಗಾಡಿ ಹೂಡಿಕೊಂಡು ಬಂದವನು ಮನೆಗೆ ಒಯ್ಯಲಾರನೆಂಬುದು ಇಬ್ಬರಿಗೂ ಗೊತ್ತು. ಗಲ್ಲೆಯ ಪಕ್ಕದಲ್ಲಿ ಕುಳಿತು ನಾನು ಈ ಸಂಭಾಷಣೆಯನ್ನು ನೂರಾರು ಸಲ ಕೇಳಿದ್ದೇನೆ. ಮುಂದೆ ನಾನೇ ಆಡಿದ್ದೇನೆ.

ಆ ಹತ್ತು ಕಿಲೋದ ಲೆಕ್ಕವನ್ನು ಈಗ ಮಾಡಿ ನೋಡೋಣ. ಒಂದು ಕ್ವಿಂಟಲ್ ಕಾಳಿನಲ್ಲಿ ಶೇಕಡಾ 20 ತೇವವಿದೆಯೆಂದು ಇಟ್ಟುಕೊಳ್ಳಿ. ಅದರಲ್ಲಿ ಒಣ ಪದಾರ್ಥ 80 ಕಿಲೋ. ಅದೇ ಕಾಳು ಶೇಕಡಾ 14ಕ್ಕೆ ಒಣಗಿದಾಗ ತೂಕ 93 ಕಿಲೋ ಆಗುತ್ತದೆ. ನ್ಯಾಯವಾಗಿ ಕಳೆಯಬೇಕಾದ ನೀರು 7 ಕಿಲೋ. ಹತ್ತು ಕಿಲೋ ಕಳೆದವನು 3 ಕಿಲೋ ಅನ್ನವನ್ನು ನೀರೆಂಬ ಹೆಸರಿನಲ್ಲಿ ಒಯ್ದ. ಒಣಗಿಸುವ ಖರ್ಚು ಖರೀದಿದಾರನದಾದರೆ ಅದನ್ನು ಬೇರೆಯಾಗಿ, ಹೇಳಿ ಪಡೆಯಲಿ, ಅಡ್ಡಿಯಿಲ್ಲ. ಆದರೆ ಕಾಳು ಶೇಕಡಾ 16ಕ್ಕೆ ಒಣಗಿದ್ದು, ಆಗಲೂ ಹತ್ತು ಕಿಲೋವೇ ಕಳೆದರೆ? ಆಗ ನ್ಯಾಯದ ಕಡಿತ ಸುಮಾರು 2 ಕಿಲೋ 300 ಗ್ರಾಂ ಮಾತ್ರ, ಉಳಿದದ್ದೆಲ್ಲ ಅಪಹರಣ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಸಿ ಕಾಳಿಗೂ ಒಣ ಕಾಳಿಗೂ ಒಂದೇ ಕಡಿತವಾದರೆ, ಹೊಲದಲ್ಲಿ ವಾರಗಟ್ಟಲೆ ಕಾದು ಒಣಗಿಸಿದವನ ಕಷ್ಟಕ್ಕೆ ಯಾವ ಬೆಲೆಯೂ ಇಲ್ಲ. ಬೇಗ ಕೊಯ್ದರೆ "ಹಸಿ ತಂದಿದ್ದಾನೆ" ಎಂದು ತೂಕ ಕಡಿಯುತ್ತೇವೆ. ನಿಲ್ಲಿಸಿ ಒಣಗಿಸಿದರೆ "ಸೋಮಾರಿ" ಎಂದು ಮಾನ ಕಡಿಯುತ್ತೇವೆ. ಅವನು ಮಾಡಬೇಕಾದದ್ದಾದರೂ ಏನು?

"ನೀವು ರೈತರ ವಕಾಲತ್ತು ವಹಿಸಿದ್ದೀರಿ. ಅವರೇನು ಸತ್ಯಸಂಧರೆ? ಚೀಲದ ಬಾಯಲ್ಲಿ ಒಣ ಕಾಳು, ತಳದಲ್ಲಿ ಹಸಿ ಕಾಳು ತುಂಬುವವರಿಲ್ಲವೆ? ಹೆದ್ದಾರಿಯ ಮೇಲೆ ಕಾಳು ಹರವಿ, ರಾತ್ರಿ ಕಲ್ಲಿಟ್ಟು, ಸವಾರರ ಪ್ರಾಣ ತೆಗೆಯುವವರಿಲ್ಲವೆ?" ಎಂದು ವ್ಯಾಪಾರದ ಬಂಧುಗಳು ಕೇಳುವರೆಂದು ಬಲ್ಲೆ. ಇದ್ದಾರೆ. ತಳಕ್ಕೆ ಹಸಿ ಕಾಳು ತುಂಬುವುದು ವಂಚನೆ. ರಸ್ತೆಯನ್ನು ಕಣ ಮಾಡುವುದು ಅಪಾಯ, ಅದನ್ನು ಸಮರ್ಥಿಸಲಾರೆ. ಆದರೆ ಅಳತೆಯೇ ನಂಬಿಕೆಗೆ ಅರ್ಹವಲ್ಲದ ಅಂಗಡಿಗೆ ನಂಬಿಕೆಯ ಚೀಲ ಎಲ್ಲಿಂದ ಬರಬೇಕು? ಊರಿನಲ್ಲಿ ಒಂದು ಸಿಮೆಂಟಿನ ಕಣವಿಲ್ಲದವನು ಡಾಂಬರಿನ ರಸ್ತೆಯನ್ನು ಬಿಟ್ಟು ಎಲ್ಲಿಗೆ ಹೋಗಬೇಕು? ಒಬ್ಬನ ದೋಷ ಮತ್ತೊಬ್ಬನ ದೋಷಕ್ಕೆ ಸಮಾಧಾನವಾಗುವುದಿಲ್ಲ. ಎರಡು ದೋಷಗಳಲ್ಲಿ ಬಲವುಳ್ಳವನದು ಮೊದಲು ತಿದ್ದಿಕೊಳ್ಳಬೇಕಾದದ್ದು. ತಕ್ಕಡಿ ಯಾರ ಕೈಯಲ್ಲಿದೆಯೋ ಅವನು ಬಲವುಳ್ಳವನು.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಧಾನ್ಯ ಕೊಳ್ಳುವ ನಮ್ಮವರ ಪ್ರತಿಯೊಂದು ಅಂಗಡಿಯಲ್ಲೂ ತೇವಾಂಶ ಅಳೆಯುವ ಯಂತ್ರವಿರಲಿ. ಅದರ ಮುಖ ಮಾರುವವನ ಕಡೆಗೂ ತಿರುಗಿರಲಿ. ಯಾವ ತೇವಕ್ಕೆ ಎಷ್ಟು ಕಡಿತ ಎಂಬ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿ ಗೋಡೆಗೆ ತೂಗುಹಾಕಲಿ. ಒಣ ಕಾಳು ತಂದವನಿಗೆ ಅದರ ಫಲ ಅದೇ ದಿನ ಹಣದಲ್ಲಿ ಕಾಣಲಿ. ಸಮುದಾಯ ಭವನಕ್ಕೆ ಅಮೃತಶಿಲೆ ಹಾಸಲು ದಾನ ಕೊಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಕೆಲವರಾದರೂ ಒಂದು ಹಳ್ಳಿಗೆ ಒಂದು ಒಣಗಿಸುವ ಕಣವನ್ನು, ಅದರ ಮೇಲೊಂದು ಮಾಡನ್ನು ಕಟ್ಟಿಸಿಕೊಡಲಿ. ಗೋದಾಮಿನಲ್ಲಿಟ್ಟ ಧಾನ್ಯದ ರಸೀತಿಯ ಮೇಲೆ ಸಾಲ ಪಡೆಯಲು 2007ರ ಉಗ್ರಾಣ ಕಾಯಿದೆ ದಾರಿ ಮಾಡಿಕೊಟ್ಟಿದೆ. ಅದನ್ನು ಸಣ್ಣ ರೈತನಿಗೆ ವಿವರಿಸಿ ಅರ್ಜಿ ತುಂಬಿಕೊಡುವಷ್ಟು ಬಿಡುವು ನಮ್ಮ ವಿದ್ಯಾವಂತ ಯುವಕರಿಗೆ ಇಲ್ಲವೆ? ಇವುಗಳಲ್ಲಿ ಯಾವುದಕ್ಕೂ ಉಪನ್ಯಾಸದ ಅವಶ್ಯಕತೆಯಿಲ್ಲ.

ನಮ್ಮ ಅಂಗಡಿಗೆ ಕೊನೆಗೆ ಯಂತ್ರ ಬಂದಿತು. ಬಂದ ಮೊದಲ ಸುಗ್ಗಿಯಲ್ಲಿ ಒಬ್ಬ ವೃದ್ಧ ರೈತ ತನ್ನ ಕಾಳಿನ ಅಂಕಿಯನ್ನು ತಾನೇ ಬಗ್ಗಿ ಓದಿ, ಶೇಕಡಾ 15 ಎಂದು ತಿಳಿದು, "ಈ ಮಾತು ನಿಮ್ಮಪ್ಪಾರಿಗೆ ಇಪ್ಪತ್ತು ವರ್ಷ ಹೇಳೀನ್ರಿ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಇಪ್ಪತ್ತು ವರ್ಷ ಅವನು ಹೊಲದಲ್ಲಿ ಬೆಳೆಯನ್ನು ನಿಲ್ಲಿಸಿಕೊಂಡು ಬಿಸಿಲನ್ನು ಕಾದಿದ್ದ. ಇಪ್ಪತ್ತು ವರ್ಷ ನಾವು ಅವನನ್ನು ನಂಬಿರಲಿಲ್ಲ. ಆ ಕಡಿತಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ ಅವನ್ನು ಹಿಂದಿರುಗಿಸುವ ದಾರಿಯೂ ನನಗೆ ಉಳಿದಿಲ್ಲ.

ವಾಚಕರಲ್ಲಿ ನನ್ನ ನಿವೇದನೆ ಇಷ್ಟು. ಕಾಲ ಮೀರಿ ನಿಂತಂತೆ ಕಾಣುವ ಪೈರು ಕಣ್ಣಿಗೆ ಬಿದ್ದಾಗ ತೀರ್ಪಿಗೆ ಮೊದಲು ಒಂದು ಪ್ರಶ್ನೆ ಕೇಳೋಣ: ಇವನು ಯಾವುದಕ್ಕಾಗಿ ಕಾಯುತ್ತಿದ್ದಾನೆ? ಬಿಸಿಲಿಗೋ, ನೆಲ ಆರುವುದಕ್ಕೋ, ಯಂತ್ರದ ಸರದಿಗೋ, ಖರೀದಿ ಕೇಂದ್ರ ತೆರೆಯುವುದಕ್ಕೋ? ಕೇಳಿದರೆ ಅವನು ಹೇಳುತ್ತಾನೆ. ಅದರಲ್ಲಿ ನಮ್ಮಿಂದ ಆಗಬೇಕಾದದ್ದು ಏನಾದರೂ ಇದ್ದರೆ ಅದು ಆಗ ನಮಗೆ ತಿಳಿಯುತ್ತದೆ. ನಮ್ಮ ಉಪನ್ಯಾಸಕರು ಮುಂದಿನ ಸಭೆಯಲ್ಲಿ ಅದೇ ಹೆದ್ದಾರಿಯ ಕಥೆಯನ್ನು ಮತ್ತೆ ಹೇಳುವುದಾಗಿ ಒಪ್ಪಿಕೊಂಡಿದ್ದಾರೆ, ಈ ಸಲ ಆಚೆಯ ಬಯಲನ್ನೂ ಸೇರಿಸಿ.